ಚಾವಣಿಯ ಕಲ್ನಾರು: ಒಡೆಯದಿರಲಿ, ಮರೆಯದಿರಲಿ

ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದ ಮೇಲೆ ವಿಜಯಪುರ ಜಿಲ್ಲೆಗೆ ಅಡ್ಡಮಳೆ ಬರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಲ್ಲಿ ಮೊದಲು ಏಳುವುದು ಧೂಳಿನ ಗಾಳಿ, ಆಮೇಲೆ ಗುಡುಗು-ಸಿಡಿಲು, ಕೊನೆಗೆ ಮಳೆ. ಆ ಗಾಳಿಗೆ ತಗಡಿನ ಪತ್ರಾಸು ಹಾರಿ ಹೋಗುತ್ತದೆ, ಸಿಮೆಂಟ್ ಶೀಟು ಒಡೆದು ಬೀಳುತ್ತದೆ. ಮರುದಿನ ಬೆಳಿಗ್ಗೆ ಶೀಟಿನ ಚೂರುಗಳನ್ನು ಕಸಬರಿಗೆಯಿಂದ ಗುಡಿಸಿ, ಬುಟ್ಟಿಗೆ ತುಂಬಿ, ಊರಾಚೆಯ ತಗ್ಗಿಗೆ ಸುರಿಯುತ್ತಾರೆ. ಹೊಸ ಶೀಟು ಬಂದಾಗ ಅದನ್ನು ಅಳತೆಗೆ ಕಟರ್ ಮಷೀನಿನಿಂದ ಕೊಯ್ಯುತ್ತಾರೆ. ಆಗ ಏಳುವ ಬಿಳಿ ಧೂಳು ಕೊಯ್ಯುವವರ ಮೈಮೇಲೂ ನೋಡುತ್ತ ನಿಂತ ಮಕ್ಕಳ ಮೈಮೇಲೂ ಕೂರುತ್ತದೆ.

ಆ ಧೂಳಿನಲ್ಲಿ ಸಿಮೆಂಟಿನ ಜೊತೆಗೆ ಕಲ್ನಾರು (ಆಸ್ಬೆಸ್ಟಾಸ್) ಕೂಡ ಇರಬಹುದು. ಶಾಲೆಯ ಹೆಚ್ಚುವರಿ ಕೊಠಡಿ, ಬಿಸಿಯೂಟದ ಅಡುಗೆಕೋಣೆ, ಅಂಗನವಾಡಿ, ಸಂತೆಕಟ್ಟೆ, ಗೋದಾಮು, ಆಸ್ಪತ್ರೆಯ ವಾಹನ ನಿಲ್ದಾಣ ಹೀಗೆ ಸಾರ್ವಜನಿಕರು ನಿತ್ಯ ಬಳಸುವ ಎಷ್ಟೋ ಕಡೆ ತಲೆಯ ಮೇಲಿರುವುದು ಇದೇ ಶೀಟು. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಹಾಗೆಂದು ಅದನ್ನು ಬರೀ ಸಿಮೆಂಟ್ ಎಂದುಕೊಂಡು ಒಡೆಯುವುದು, ಕೊಯ್ಯುವುದು, ಎಸೆಯುವುದು ಕೂಡ ಸಲ್ಲದು.

ಕಲ್ಲಿನೊಳಗಿನ ನಾರು

ಕಲ್ನಾರು ಕಾರ್ಖಾನೆಯಲ್ಲಿ ಹುಟ್ಟಿದ ರಾಸಾಯನಿಕವಲ್ಲ. ಅದು ಭೂಮಿಯಲ್ಲಿ ಸಿಗುವ, ನಾರು ನಾರಾಗಿ ಬಿಡಿಸಿಕೊಳ್ಳುವ ಖನಿಜ. ಈ ಹೆಸರಿನಡಿ ಆರು ಬಗೆಯ ಖನಿಜಗಳಿವೆ. ಅವುಗಳಲ್ಲಿ ಕ್ರೈಸೊಟೈಲ್ ಎಂಬ ಬಿಳಿ ಕಲ್ನಾರು, ಅಮೊಸೈಟ್ ಎಂಬ ಕಂದು ಕಲ್ನಾರು ಮತ್ತು ಕ್ರೊಸಿಡೊಲೈಟ್ ಎಂಬ ನೀಲಿ ಕಲ್ನಾರು ಹೆಚ್ಚು ಬಳಕೆಗೆ ಬಂದವು. ಭಾರತದಲ್ಲಿ ಚಾವಣಿ ಶೀಟಿಗೆ ಬಳಸುವುದು ಬಿಳಿ ಕಲ್ನಾರನ್ನು.

ಬೆಂಕಿಗೆ ಸುಡದು, ನೀರಿಗೆ ಕೊಳೆಯದು, ತುಕ್ಕು ಹಿಡಿಯದು, ಎಳೆದರೆ ಸುಲಭಕ್ಕೆ ಹರಿಯದು. ಈ ಗುಣಗಳೇ ಅದನ್ನು ಕೈಗಾರಿಕೆಯ ಅಚ್ಚುಮೆಚ್ಚಿನ ವಸ್ತುವನ್ನಾಗಿ ಮಾಡಿದವು. 20ನೇ ಶತಮಾನದ ಆರಂಭದಲ್ಲಿ ಆಸ್ಟ್ರಿಯಾದ ಲುಡ್ವಿಗ್ ಹಾಟ್ಷೆಕ್ ಸಿಮೆಂಟಿಗೆ ಕಲ್ನಾರು ಬೆರೆಸಿ ತೆಳುವಾದ ಹಾಳೆ ತಯಾರಿಸುವ ವಿಧಾನ ಕಂಡುಹಿಡಿದ. ಇಂದಿನ ಸಿಮೆಂಟ್ ಶೀಟಿನ ಮೂಲ ಅದೇ. ಸಾಮಾನ್ಯ ಶೀಟಿನಲ್ಲಿ ನೂರಕ್ಕೆ 8ರಿಂದ 10 ಪಾಲು ಕಲ್ನಾರು, ಉಳಿದದ್ದು ಸಿಮೆಂಟ್, ಹಾರುಬೂದಿ ಮುಂತಾದವು.

ಕರ್ನಾಟಕಕ್ಕೂ ಈ ಖನಿಜಕ್ಕೂ ಹಳೆಯ ನಂಟಿದೆ. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತ ಹಿಂದೆ ಕಲ್ನಾರಿನ ಗಣಿಗಾರಿಕೆ ನಡೆದಿತ್ತು. 1986ರಲ್ಲಿ ಕೇಂದ್ರ ಸರ್ಕಾರ ಹೊಸ ಗಣಿ ಗುತ್ತಿಗೆ ನೀಡುವುದನ್ನು ನಿಲ್ಲಿಸಿತು. ಆದರೆ ಬಳಕೆ ನಿಲ್ಲಲಿಲ್ಲ. ರಷ್ಯಾ ಮೊದಲಾದ ದೇಶಗಳಿಂದ ಕಚ್ಚಾ ಕಲ್ನಾರು ಹಡಗಿನಲ್ಲಿ ಬರುತ್ತಲೇ ಇದೆ. ಜಗತ್ತಿನಲ್ಲಿ ಅತಿ ಹೆಚ್ಚು ಕಲ್ನಾರು ಆಮದು ಮಾಡಿಕೊಳ್ಳುವ ದೇಶಗಳ ಸಾಲಿನಲ್ಲಿ ಭಾರತ ಮುಂಚೂಣಿಯಲ್ಲಿದೆ.

ಮಾಳಿಗೆಯಿಂದ ಶೀಟಿಗೆ

ವಿಜಯಪುರ ಸೀಮೆಯ ಹಳೆಯ ಮನೆಗಳು ಕಲ್ಲುಗೋಡೆಯ ಮೇಲೆ ತೊಲೆ-ಜಂತಿ ಹಾಸಿ, ಮೇಲೆ ಮಣ್ಣು ಬಡಿದು ಮಾಡಿದ ಮಾಳಿಗೆಯವು. ಬೇಸಿಗೆಯಲ್ಲಿ ಅವು ತಂಪು. ಆದರೆ ಮಾಳಿಗೆಗೆ ಮೇಲಿಂದ ಮೇಲೆ ಮಣ್ಣು ಹಾಕಿ ದುರಸ್ತಿ ಮಾಡುತ್ತಲೇ ಇರಬೇಕು, ಜೊತೆಗೆ ಒಳ್ಳೆಯ ಕಟ್ಟಿಗೆ ಬೇಕು. ಕಟ್ಟಿಗೆ ದುಬಾರಿಯಾದಾಗ, ಮಣ್ಣು ಬಡಿಯುವ ಕೈಗಳು ಕಡಿಮೆಯಾದಾಗ ಸಿಮೆಂಟ್ ಶೀಟು ಸುಲಭದ ದಾರಿಯಾಯಿತು.

ಸರ್ಕಾರಿ ಕಟ್ಟಡಗಳಿಗೂ ಇದೇ ಅನುಕೂಲ ಕಂಡಿತು. ಕಬ್ಬಿಣದ ಕೋನಪಟ್ಟಿಗಳ ಮೇಲೆ ಶೀಟು ಕೂರಿಸಿ ಜೆ ಹುಕ್ ಬಿಗಿದರೆ ಕೆಲವೇ ದಿನಗಳಲ್ಲಿ ಚಾವಣಿ ಸಿದ್ಧ. ಕಡಿಮೆ ಅನುದಾನದಲ್ಲಿ ಬೇಗ ಕಟ್ಟಡ ಮುಗಿಸಬೇಕಾದ ಕಡೆಯಲ್ಲೆಲ್ಲ ಶೀಟೇ ಬಂತು. ಹೀಗೆ ದಶಕಗಳ ಹಿಂದೆ ಹಾಕಿದ ಶೀಟುಗಳು ಈಗ ಬಿಸಿಲು, ಮಳೆ, ಪಾಚಿಗೆ ಸಿಕ್ಕಿ ಸವೆದಿವೆ. ಮೇಲ್ಮೈಯ ಸಿಮೆಂಟ್ ಕಳಚಿದಂತೆ ಒಳಗಿನ ನಾರು ಹೊರಗೆ ಕಾಣಿಸಿಕೊಳ್ಳುತ್ತದೆ. ಪ್ರಶ್ನೆ ತೀವ್ರವಾಗುವುದು ಈ ಹಂತದಲ್ಲಿ.

ಉಸಿರಿನ ಜೊತೆ ಒಳಹೋದರೆ

ಕಲ್ನಾರಿನ ಒಂದು ಎಳೆ ತಲೆಗೂದಲಿಗಿಂತ ನೂರಾರು ಪಟ್ಟು ತೆಳು. ಅದು ಕಣ್ಣಿಗೆ ಕಾಣದು, ಮೂಗಿಗೆ ವಾಸನೆ ಬಾರದು, ಉಸಿರಿನಲ್ಲಿ ಎಳೆದುಕೊಂಡಾಗ ಕೆಮ್ಮು ಕೂಡ ಬಾರದಿರಬಹುದು. ಶ್ವಾಸಕೋಶದ ಆಳಕ್ಕೆ ಇಳಿದ ಎಳೆಯನ್ನು ದೇಹ ಸುಲಭವಾಗಿ ಕರಗಿಸಲಾರದು, ಹೊರಹಾಕಲಾರದು. ಅದರ ಸುತ್ತ ಉರಿಯೂತ ಶುರುವಾಗಿ, ವರ್ಷಗಳು ಕಳೆದಂತೆ ಶ್ವಾಸಕೋಶದ ಅಂಗಾಂಶ ಗಡುಸಾಗುತ್ತದೆ. ಈ ರೋಗಕ್ಕೆ ಆಸ್ಬೆಸ್ಟೋಸಿಸ್ ಎಂದು ಹೆಸರು. ಏದುಸಿರು ಇದರ ಮುಖ್ಯ ಲಕ್ಷಣ. ಗಡುಸಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ.

ಕ್ಯಾನ್ಸರ್ ಇನ್ನೊಂದು ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಬಿಳಿ ಕಲ್ನಾರನ್ನೂ ಒಳಗೊಂಡು ಎಲ್ಲ ಬಗೆಯ ಕಲ್ನಾರನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಶ್ವಾಸಕೋಶ, ಗಂಟಲಗೂಡು, ಅಂಡಾಶಯದ ಕ್ಯಾನ್ಸರ್ ಮತ್ತು ಶ್ವಾಸಕೋಶದ ಹೊರಪೊರೆಗೆ ಬರುವ ಮೀಸೊಥೀಲಿಯೋಮ ಇದರಿಂದ ಬರುತ್ತವೆ. ಬೀಡಿ-ಸಿಗರೇಟು ಸೇದುವವರು ಕಲ್ನಾರಿನ ಧೂಳನ್ನೂ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರಿನ ಸಾಧ್ಯತೆ ಹಲವು ಪಟ್ಟು ಹೆಚ್ಚುತ್ತದೆ. ಕೆಲಸದ ಸ್ಥಳದಲ್ಲಿ ಕಲ್ನಾರಿಗೆ ಒಡ್ಡಿಕೊಂಡದ್ದರಿಂದ ಜಗತ್ತಿನಾದ್ಯಂತ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಈ ರೋಗಗಳು ಕಾಣಿಸಿಕೊಳ್ಳಲು 20ರಿಂದ 40 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಇಪ್ಪತ್ತರ ಹರೆಯದಲ್ಲಿ ಶೀಟು ಕೊಯ್ದವನಿಗೆ ಐವತ್ತು-ಅರವತ್ತರಲ್ಲಿ ಏದುಸಿರು ಶುರುವಾದರೆ ಹಳೆಯ ಕೆಲಸ ಯಾರ ನೆನಪಿಗೂ ಬರುವುದಿಲ್ಲ. ಕ್ಷಯ, ದಮ್ಮು, ವಯಸ್ಸು ಎಂದು ಕಾರಣ ಹೇಳಿ ಮುಗಿಸುವ ಸಾಧ್ಯತೆಯೇ ಹೆಚ್ಚು.

ಕಾರ್ಖಾನೆಯೊಳಗೆ ದುಡಿದವರಿಗಷ್ಟೇ ಇದು ಬರುತ್ತದೆ ಎನ್ನುವಂತಿಲ್ಲ. ದಕ್ಷಿಣ ಆಫ್ರಿಕಾದ ನೀಲಿ ಕಲ್ನಾರಿನ ಗಣಿ ಪ್ರದೇಶದಿಂದ 33 ಮೀಸೊಥೀಲಿಯೋಮ ಪ್ರಕರಣಗಳನ್ನು ಕಲೆಹಾಕಿ ಕ್ರಿಸ್ ವ್ಯಾಗ್ನರ್ ಮತ್ತು ಸಂಗಡಿಗರು 1960ರಲ್ಲಿ ವರದಿ ಪ್ರಕಟಿಸಿದರು. ಆ ರೋಗಿಗಳಲ್ಲಿ ಗಣಿಯಲ್ಲಿ ಎಂದೂ ಕೆಲಸ ಮಾಡದವರೂ ಇದ್ದರು. ಗಣಿಯ ಸುತ್ತಮುತ್ತ ಬಾಲ್ಯ ಕಳೆದದ್ದೇ ಅವರ ಪಾಲಿಗೆ ಮುಳುವಾಗಿತ್ತು. ಮಕ್ಕಳಿರುವ ಕಡೆ ಹೆಚ್ಚಿನ ಎಚ್ಚರ ಬೇಕು ಎನ್ನುವುದಕ್ಕೆ ಕಾರಣ ಇದು. ಅವರ ಮುಂದೆ ಉಳಿದಿರುವ ಆಯುಸ್ಸು ಉದ್ದ, ರೋಗ ಬೆಳೆಯಲು ಸಿಗುವ ಕಾಲವೂ ಉದ್ದ.

ಗಟ್ಟಿ ಶೀಟು, ಒಡೆದ ಶೀಟು

ಹಾಗಾದರೆ ಕಲ್ನಾರು ಶೀಟಿನಡಿ ಕೂತು ಓದುವ ಮಕ್ಕಳೆಲ್ಲ ಅಪಾಯದಲ್ಲಿದ್ದಾರೆಯೇ? ಗಟ್ಟಿಯಾಗಿರುವ, ಬಿರುಕಿಲ್ಲದ, ಯಾರೂ ಮುಟ್ಟದ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಬಂಧಿಯಾಗಿರುತ್ತದೆ. ಅದರಿಂದ ಗಾಳಿಗೆ ಸೇರುವ ಎಳೆಗಳು ಬಹಳ ಕಡಿಮೆ. ಶೀಟನ್ನು ಒಡೆದಾಗ, ಕೊಯ್ದಾಗ, ತೂತು ಕೊರೆದಾಗ, ಬ್ರಷ್‌ನಿಂದ ತಿಕ್ಕಿದಾಗ, ಅದು ಸವೆದು ಪುಡಿಯಾದಾಗ ಬಂಧ ಬಿಡುತ್ತದೆ. ಆಗಲೇ ಎಳೆಗಳು ಗಾಳಿಗೆ ಏಳುತ್ತವೆ.

ಸುರಕ್ಷಿತ ನಿರ್ವಹಣೆಯ ಇಡೀ ವಿಧಾನ ಈ ಒಂದು ಸಂಗತಿಯ ಮೇಲೆ ನಿಂತಿದೆ. ಗಟ್ಟಿ ಶೀಟನ್ನು ಅವಸರದಲ್ಲಿ ಒಡೆದು ಕೆಡವಿದರೆ, ಅದು ಇದ್ದಲ್ಲೇ ಇದ್ದಾಗಿನದಕ್ಕಿಂತ ಹೆಚ್ಚು ನಾರು ಒಂದೇ ದಿನ ಗಾಳಿಗೆ ಸೇರಬಹುದು. ಸವೆದು ಸೀಳಿದ ಶೀಟನ್ನು ಅನುದಾನ ಬರಲಿ ಎಂದು ವರ್ಷಗಟ್ಟಲೆ ಬಿಟ್ಟರೂ ಅಪಾಯವೇ.

ಎಲ್ಲೆಲ್ಲಿ ಇರಬಹುದು?

ಎಲ್ಲರಿಗೂ ಕಾಣುವುದು ಅಲೆಅಲೆಯಾದ ಬೂದು ಬಣ್ಣದ ಚಾವಣಿ. ಆದರೆ ಹಳೆಯ ಕಟ್ಟಡಗಳಲ್ಲಿ ಮಳೆನೀರು ಇಳಿಯುವ ಪೈಪು, ಕುಡಿಯುವ ನೀರಿನ ಹಳೆಯ ಸಿಮೆಂಟ್ ಕೊಳವೆ, ಸಪಾಟು ಹಲಗೆಯ ಒಳಚಾವಣಿ, ಬಾಯ್ಲರಿನ ಹೊದಿಕೆ, ಗ್ಯಾಸ್ಕೆಟ್, ಬೆಂಕಿ ತಡೆಯುವ ಹಗ್ಗ ಇವುಗಳಲ್ಲೂ ಕಲ್ನಾರು ಇರಬಹುದು. ಪ್ರೌಢಶಾಲೆಯ ವಿಜ್ಞಾನ ಪ್ರಯೋಗಾಲಯದಲ್ಲಿ ಬರ್ನರಿನ ಮೇಲೆ ಇಡುತ್ತಿದ್ದ ತಂತಿ ಜಾಲರಿಯ ನಡುವಿನ ಬಿಳಿ ವೃತ್ತವೂ ಹಿಂದೆ ಕಲ್ನಾರಿನದೇ ಆಗಿತ್ತು.

ಕಣ್ಣಿನಿಂದ ನೋಡಿ ಖಚಿತ ಹೇಳಲಾಗದು, ಏಕೆಂದರೆ ಕಲ್ನಾರಿಲ್ಲದ ಸಿಮೆಂಟ್ ಶೀಟುಗಳೂ ನೋಡಲು ಹೀಗೇ ಇರುತ್ತವೆ. ಶೀಟಿನ ಮೇಲೆ ಐಎಸ್ 459 ಎಂಬ ಗುರುತಿದ್ದರೆ ಅದು ಕಲ್ನಾರು ಶೀಟು. ಆ ಸಂಖ್ಯೆ ಕಲ್ನಾರು ಸಿಮೆಂಟ್ ಶೀಟಿನ ಭಾರತೀಯ ಮಾನದಂಡದ್ದು. ಗುರುತು ಅಳಿಸಿದ್ದರೆ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಬೇಕು. ಪರೀಕ್ಷೆಯಾಗುವ ತನಕ ಕಲ್ನಾರು ಇದೆ ಎಂದೇ ತಿಳಿದು ನಡೆದುಕೊಳ್ಳುವುದು ಜಾಣತನ.

ಕಾನೂನು ನಡೆದು ಬಂದ ದಾರಿ

ಭಾರತದಲ್ಲಿ ಕಲ್ನಾರಿನ ಮೇಲೆ ಪೂರ್ಣ ನಿಷೇಧವಿಲ್ಲ. ಆದರೆ ಕಾನೂನು ಸುಮ್ಮನೆ ಕೂತಿಲ್ಲ. ಕನ್ಸ್ಯೂಮರ್ ಎಜುಕೇಷನ್ ಅಂಡ್ ರಿಸರ್ಚ್ ಸೆಂಟರ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1995ರ ಜನವರಿ 27ರಂದು ತೀರ್ಪು ಕೊಟ್ಟು, ಕಾರ್ಮಿಕನ ಆರೋಗ್ಯವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸಾರಿತು. ಕಲ್ನಾರು ಉದ್ಯಮದ ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕು ಎಂದಿತು. ರೋಗಕ್ಕೆ ತುತ್ತಾದವರಿಗೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಪೂರ್ಣ ನಿಷೇಧ ಕೋರಿದ ಮತ್ತೊಂದು ಅರ್ಜಿಯನ್ನು 2011ರಲ್ಲಿ ಅದೇ ನ್ಯಾಯಾಲಯ ಒಪ್ಪಲಿಲ್ಲ.

ಭಾರತೀಯ ಮಾನಕ ಸಂಸ್ಥೆಯು 1980ರ ದಶಕದಲ್ಲೇ ಮಾರ್ಗಸೂಚಿಗಳನ್ನು ರೂಪಿಸಿತ್ತು. ಕಲ್ನಾರು ಸಿಮೆಂಟ್ ವಸ್ತುಗಳನ್ನು ಸುರಕ್ಷಿತವಾಗಿ ಬಳಸುವುದು ಹೇಗೆ ಎಂಬುದಕ್ಕೆ ಐಎಸ್ 11769, ಅದರ ತ್ಯಾಜ್ಯದ ವಿಲೇವಾರಿಗೆ ಐಎಸ್ 11768. ಈ ಎರಡೂ ದಾಖಲೆಗಳನ್ನು ಟೆಂಡರಿನ ಷರತ್ತುಗಳಲ್ಲಿ ಸೇರಿಸಿದರೆ ಗುತ್ತಿಗೆದಾರ ಅವನ್ನು ಪಾಲಿಸಲೇಬೇಕಾಗುತ್ತದೆ. ಶಾಲೆಗಳ ವಿಷಯದಲ್ಲಿ ಕೇರಳ ಮುಂದೆ ಹೋಯಿತು: ಶಾಲಾ ಕಟ್ಟಡಗಳ ಕಲ್ನಾರು ಚಾವಣಿ ಬದಲಿಸಬೇಕೆಂದು ಅಲ್ಲಿನ ರಾಜ್ಯ ಮಾನವ ಹಕ್ಕುಗಳ ಆಯೋಗ 2009ರಲ್ಲೇ ಆದೇಶಿಸಿತು. ಈಚೆಗೆ ಶಾಲೆಗಳ ಕಲ್ನಾರು ಚಾವಣಿಯ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೂ ಬಂದಿದೆ.

ಹೊಸ ನಿಯಮಗಳಿಂದ ಬದಲಾದದ್ದು

ಎರಡು ಹೊಸ ಕಾನೂನುಗಳು ಈ ವಿಷಯಕ್ಕೆ ನೇರವಾಗಿ ತಾಗುತ್ತವೆ. ಮೊದಲನೆಯದು, 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ. ಹಳೆಯ ಕಾರ್ಖಾನೆ ಕಾಯ್ದೆ, ಕಟ್ಟಡ ಕಾರ್ಮಿಕರ ಕಾಯ್ದೆ ಮುಂತಾದವು ಇದರಲ್ಲಿ ಒಂದಾಗಿವೆ. ಆಸ್ಬೆಸ್ಟೋಸಿಸ್ ಈ ಸಂಹಿತೆಯ ಅಧಿಸೂಚಿತ ರೋಗಗಳ ಪಟ್ಟಿಯಲ್ಲಿದೆ. ಅಂದರೆ ಇಂಥ ರೋಗಿಯನ್ನು ಕಂಡ ವೈದ್ಯರು ಸಂಬಂಧಪಟ್ಟ ಅಧಿಕಾರಿಗೆ ವರದಿ ಮಾಡಬೇಕು.

ಎರಡನೆಯದು, 2025ರ ಏಪ್ರಿಲ್‌ನಲ್ಲಿ ಪ್ರಕಟವಾಗಿ 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ಗೊತ್ತುಪಡಿಸಿದ ಕಟ್ಟಡ ನಿರ್ಮಾಣ ಮತ್ತು ಕೆಡವಿದ ತ್ಯಾಜ್ಯದ ನಿಯಮಗಳು. ಇವುಗಳಲ್ಲಿನ ಉತ್ಪಾದಕರ ವಿಸ್ತರಿತ ಹೊಣೆ (ತ್ಯಾಜ್ಯ ಉಂಟುಮಾಡಿದವರೇ ಅದನ್ನು ನಿಭಾಯಿಸುವ ಹೊಣೆ) 20,000 ಚದರ ಮೀಟರ್ ಮೀರಿದ ದೊಡ್ಡ ಯೋಜನೆಗಳಿಗೆ ಮಾತ್ರ ಅನ್ವಯಿಸುತ್ತದೆ. ತಾಲ್ಲೂಕಿನ ಶಾಲೆಯ ಎರಡು ಕೊಠಡಿ ಆ ಲೆಕ್ಕಕ್ಕೆ ಬಾರವು. ಆದರೂ ಕೆಡವಿದ ಸಾಮಗ್ರಿಯನ್ನು ಬೇರ್ಪಡಿಸಿ ಮರುಬಳಸುವ ಪದ್ಧತಿ ಬಲವಾದಂತೆ ಕಲ್ನಾರಿನ ಪ್ರಶ್ನೆ ಹತ್ತಿರವಾಗುತ್ತದೆ. ಕಲ್ಲು-ಇಟ್ಟಿಗೆಯ ಜೊತೆ ಶೀಟಿನ ಚೂರುಗಳೂ ಅರೆಯುವ ಯಂತ್ರಕ್ಕೆ ಹೋದರೆ, ಆ ಪುಡಿ ರಸ್ತೆಗೂ ಹೊಸ ಇಟ್ಟಿಗೆಗೂ ಸೇರುತ್ತದೆ.

ಇನ್ನೂ ಬಾರದ ಒಂದು ನಿಯಮವಿದೆ. ಕಟ್ಟಡದ ಮಾಲೀಕರು ತಮ್ಮಲ್ಲಿರುವ ಕಲ್ನಾರಿನ ಪಟ್ಟಿ ಇಡಬೇಕು ಎಂಬ ಕಡ್ಡಾಯ ಭಾರತದಲ್ಲಿಲ್ಲ. ಬ್ರಿಟನ್ 1999ರಲ್ಲಿ ಬಿಳಿ ಕಲ್ನಾರನ್ನೂ ನಿಷೇಧಿಸಿತು. ಆದರೆ ಹಳೆಯ ಕಟ್ಟಡಗಳಲ್ಲಿ ಉಳಿದದ್ದನ್ನು ಏನು ಮಾಡುವುದು? ಅದಕ್ಕಾಗಿ, ಶಾಲೆ-ಆಸ್ಪತ್ರೆ ಸೇರಿ ವಸತಿಯೇತರ ಕಟ್ಟಡಗಳನ್ನು ನೋಡಿಕೊಳ್ಳುವವರು ಕಲ್ನಾರನ್ನು ಪತ್ತೆಹಚ್ಚಿ, ದಾಖಲಿಸಿ, ಸ್ಥಿತಿ ಪರಿಶೀಲಿಸುತ್ತಿರಬೇಕು ಎಂಬ ಕಾನೂನನ್ನು ಅದು ಮಾಡಿತು. ನಿಷೇಧಿಸಿ ಇಷ್ಟು ವರ್ಷ ಕಳೆದರೂ ಅಲ್ಲಿ ಹಳೆಯ ಕಲ್ನಾರಿನಿಂದ ವರ್ಷಕ್ಕೆ ಸುಮಾರು 5,000 ಜನ ಸಾಯುತ್ತಿದ್ದಾರೆ. ಯುರೋಪಿನ ಒಕ್ಕೂಟ 2005ರಿಂದ, ನೆರೆಯ ನೇಪಾಳ 2015ರಿಂದ ನಿಷೇಧ ಹೇರಿವೆ. ಅಮೆರಿಕ 2024ರಲ್ಲಿ ಬಿಳಿ ಕಲ್ನಾರಿನ ನಿಷೇಧವನ್ನು ಪ್ರಕಟಿಸಿತು.

ಮೊದಲು ಪಟ್ಟಿ, ಆಮೇಲೆ ತೀರ್ಮಾನ

ನಿರ್ವಹಣೆಯ ಮೊದಲ ಹೆಜ್ಜೆಗೆ ಹೆಚ್ಚು ಹಣ ಬೇಕಿಲ್ಲ. ಪ್ರತಿ ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರ, ಪಂಚಾಯಿತಿ ಕಟ್ಟಡದಲ್ಲಿ ಶೀಟು ಎಲ್ಲಿದೆ, ಎಷ್ಟಿದೆ, ಯಾವ ವರ್ಷ ಹಾಕಿದ್ದು, ಈಗಿನ ಸ್ಥಿತಿ ಹೇಗಿದೆ ಎಂದು ಒಂದು ವಹಿಯಲ್ಲಿ ಬರೆದು, ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟರೆ ಸಾಕು. ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಮತ್ತು ಮುಖ್ಯ ಶಿಕ್ಷಕರು, ಉಳಿದ ಕಡೆ ಗ್ರಾಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಈ ಕೆಲಸ ಮಾಡಿಸಬಹುದು. ವರ್ಷಕ್ಕೆರಡು ಬಾರಿ, ಅಡ್ಡಮಳೆಗೆ ಮೊದಲು ಮತ್ತು ಮಳೆಗಾಲ ಮುಗಿದ ಮೇಲೆ ಮರುಪರಿಶೀಲನೆ ನಡೆಯಬೇಕು.

ಪಟ್ಟಿ ಕೈಗೆ ಬಂದಾಗ ಕಟ್ಟಡಗಳು ಮೂರು ಗುಂಪಾಗುತ್ತವೆ. ಶೀಟು ಗಟ್ಟಿಯಾಗಿದ್ದರೆ ಮುಟ್ಟದೆ, ಕಣ್ಣಿಟ್ಟು ಕಾಯುವುದು. ಮೇಲ್ಮೈ ಸವೆಯಲು ಶುರುವಾಗಿದ್ದರೆ ತಿಕ್ಕದೆ, ಬಣ್ಣ ಅಥವಾ ಮುಚ್ಚುಲೇಪ ಸಿಂಪಡಿಸಿ ನಾರನ್ನು ಹಿಡಿದಿಡುವುದು, ಅಗತ್ಯವಿದ್ದರೆ ಕೆಳಗೆ ಒಳಚಾವಣಿ ಕಟ್ಟುವುದು. ಒಡೆದಿದ್ದರೆ, ಅಂಚು ಪುಡಿಯಾಗುತ್ತಿದ್ದರೆ, ಸೋರುತ್ತಿದ್ದರೆ ಯೋಜನೆ ಹಾಕಿ ಇಳಿಸುವುದು. ಚಿಕ್ಕ ಮಕ್ಕಳಿರುವ ಅಂಗನವಾಡಿ ಮತ್ತು ಪ್ರಾಥಮಿಕ ಶಾಲೆಗಳಿಗೆ ಈ ಸರದಿಯಲ್ಲಿ ಮೊದಲ ಸ್ಥಾನ ಸಲ್ಲಬೇಕು.

ಕೆಲವು ನಿಷೇಧಗಳು ಎಲ್ಲ ಗುಂಪಿಗೂ ಒಂದೇ. ಫ್ಯಾನು, ವೈರು, ಪೈಪಿಗಾಗಿ ಶೀಟಿಗೆ ತೂತು ಕೊರೆಯಬಾರದು. ಪಾಚಿ ತೆಗೆಯಲು ತಂತಿಬ್ರಷ್ ಹಚ್ಚಬಾರದು, ಒತ್ತಡದ ನೀರು ಹಾಯಿಸಬಾರದು. ಚೂರು ಬಿದ್ದಾಗ ಒಣ ಕಸಬರಿಗೆಯಿಂದ ಗುಡಿಸಬಾರದು. ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಎತ್ತಬೇಕು. ಆ ಕೆಲಸ ಮಕ್ಕಳಿಂದ ಎಂದಿಗೂ ಆಗಬಾರದು.

ಇಳಿಸುವ ಕ್ರಮ

ಶಾಲೆಯ ಶೀಟು ಇಳಿಸಲು ಬೇಸಿಗೆ ರಜೆ ತಕ್ಕ ಕಾಲ. ಕೆಲಸದ ಜಾಗಕ್ಕೆ ಹಗ್ಗ ಕಟ್ಟಿ ಫಲಕ ಹಾಕಬೇಕು. ಬೆಂಚು, ಪುಸ್ತಕ, ಪಾತ್ರೆಗಳನ್ನು ಮೊದಲೇ ಹೊರಗಿಡಬೇಕು. ಗಾಳಿ ಬಲವಾಗಿರುವಾಗ ಕೆಲಸ ನಿಲ್ಲಿಸಬೇಕು. ಶೀಟಿನ ಮೇಲೆ ಸಣ್ಣಗೆ ನೀರು ಸಿಂಪಡಿಸಿ ತೇವವಾಗಿಡಬೇಕು. ನೀರಿನ ಕೊರತೆಯ ಊರಲ್ಲೂ ಇದು ಕಷ್ಟವಲ್ಲ, ಹೊಲಕ್ಕೆ ಔಷಧಿ ಹೊಡೆಯುವಂಥ, ಆದರೆ ಹೊಸ ಪಂಪು ಸಾಕು. ಹುಕ್ಕು ತುಕ್ಕು ಹಿಡಿದು ಬಿಚ್ಚದಿದ್ದರೆ ಹುಕ್ಕನ್ನೇ ಕತ್ತರಿಸಬೇಕೇ ಹೊರತು ಶೀಟನ್ನು ಬಡಿದು ಒಡೆಯಬಾರದು.

ಮೂರು ಮೀಟರ್ ಉದ್ದದ ಒಂದು ಶೀಟು ಸುಮಾರು 40 ಕಿಲೊ ತೂಗುತ್ತದೆ. ಅದನ್ನು ಮೇಲಿಂದ ಎಸೆಯದೆ ಇಬ್ಬರು ಹಿಡಿದು ಇಡಿಯಾಗಿ ಇಳಿಸಬೇಕು. ಹಳೆಯ ಶೀಟು ಮನುಷ್ಯನ ಭಾರ ತಾಳದು. ನೇರ ಕಾಲಿಟ್ಟು ಕೆಳಗೆ ಬಿದ್ದು ಸಾಯುವ ಅಪಾಯ ಧೂಳಿನ ಅಪಾಯಕ್ಕಿಂತ ತಕ್ಷಣದ್ದು. ಆದ್ದರಿಂದ ಮೇಲೆ ಹಲಗೆ ಹಾಸಿ, ಇಡೀ ಮೈಗೆ ಹಾಕುವ ಸುರಕ್ಷತಾ ಬೆಲ್ಟ್ ಕಟ್ಟಿಯೇ ಕೆಲಸ ಮಾಡಬೇಕು.

ಮುಖಕ್ಕೆ ಸುತ್ತಿದ ಟವೆಲ್ಲು ಈ ನಾರನ್ನು ತಡೆಯುವುದಿಲ್ಲ. ಸೂಕ್ಷ್ಮ ಕಣ ಸೋಸುವ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಬೇಕು. ಮೈಮೇಲಿನ ಕೆಲಸದ ಬಟ್ಟೆಯನ್ನು ಮನೆಗೆ ಒಯ್ಯಬಾರದು. ಕಾರ್ಮಿಕರ ಬಟ್ಟೆ ಒಗೆದ ಮನೆಯ ಹೆಂಗಸರಿಗೂ ಕಲ್ನಾರಿನ ರೋಗ ಬಂದ ಉದಾಹರಣೆಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಕೆಲಸ ಮುಗಿದ ಸ್ಥಳದಲ್ಲೇ ಕೈಕಾಲು-ಮುಖ ತೊಳೆದು, ಬಟ್ಟೆ ಬದಲಿಸುವ ವ್ಯವಸ್ಥೆ ಇರಬೇಕು.

ಇಳಿಸಿದ ಶೀಟು ಎಲ್ಲಿಗೆ?

ಇಡೀ ಸರಪಳಿಯಲ್ಲಿ ದುರ್ಬಲವಾದ ಕೊಂಡಿ ಇದು. ಇಳಿಸಿದ ಶೀಟು ಇಂದು ದನದ ಕೊಟ್ಟಿಗೆಗೆ, ಹೊಲದ ಗುಡಿಸಲಿಗೆ, ಬಚ್ಚಲ ಮರೆಗೆ ಮತ್ತೆ ಬಳಕೆಯಾಗುತ್ತದೆ. ಚೂರುಗಳು ರಸ್ತೆಯ ತಗ್ಗು ಮುಚ್ಚಲು, ಅಂಗಳ ಎತ್ತರಿಸಲು ಹೋಗುತ್ತವೆ. ಗಾಡಿಯ ಚಕ್ರದಡಿ ಅವು ಪುಡಿಯಾದರೆ ಧೂಳಿನ ಮೂಲ ಚಾವಣಿಯಿಂದ ನೆಲಕ್ಕಿಳಿದಂತಾಯಿತು, ಅಷ್ಟೇ.

ಸರಿಯಾದ ಕ್ರಮವೆಂದರೆ ತೇವದಲ್ಲೇ ಇಡೀ ಶೀಟುಗಳನ್ನು ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಎರಡು ಸುತ್ತು ಸುತ್ತಿ, ಚೂರುಗಳನ್ನು ಹರಿಯದ ಚೀಲಕ್ಕೆ ತುಂಬಿ, ಕಲ್ನಾರು ಎಂದು ದೊಡ್ಡದಾಗಿ ಬರೆದು, ಅಧಿಕೃತ ಅಪಾಯಕಾರಿ ತ್ಯಾಜ್ಯ ಘಟಕದಲ್ಲಿ ಹೂಳುವುದು. ರಾಜ್ಯದ ಇಂಥ ಪ್ರಮುಖ ಘಟಕ ಇರುವುದು ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲಿ, ವಿಜಯಪುರದಿಂದ 450 ಕಿ.ಮೀ.ಗೂ ಹೆಚ್ಚು ದೂರ. ಒಂದು ಶಾಲೆಯ ಹತ್ತು-ಹದಿನೈದು ಶೀಟಿಗಾಗಿ ಲಾರಿ ಅಷ್ಟು ದೂರ ಹೋಗದು. ಹೀಗಾಗಿ ತಾಲ್ಲೂಕಿಗೊಂದು ಬೀಗ ಹಾಕಿದ, ಮಳೆ ಬೀಳದ ಸಂಗ್ರಹ ಕೊಠಡಿ ಮಾಡಿ, ಲಾರಿ ತುಂಬುವಷ್ಟಾದಾಗ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗದರ್ಶನದಲ್ಲಿ ಸಾಗಿಸುವುದು ನಡೆಯುವಂಥ ಉಪಾಯ. ಸಾಗಣೆಯ ಖರ್ಚನ್ನು ಕಟ್ಟಡ ದುರಸ್ತಿಯ ಅಂದಾಜಿನಲ್ಲೇ ಸೇರಿಸಬೇಕು.

ಬದಲಿಗೆ ಏನು ಹಾಕಬೇಕು?

ಹೊಸ ಕೊಠಡಿಗೆ ಆರ್‌ಸಿಸಿ ಚಾವಣಿ ಬಾಳಿಕೆಯದು. ಹಗುರ ಚಾವಣಿಯೇ ಬೇಕಾದಲ್ಲಿ ಬಣ್ಣದ ಲೇಪನವಿರುವ ಉಕ್ಕಿನ ಶೀಟು, ಕಲ್ನಾರಿಲ್ಲದ ನಾರಿನ ಸಿಮೆಂಟ್ ಶೀಟು, ಹೆಂಚು ಸಿಗುತ್ತವೆ. ವಿಜಯಪುರದ ಬೇಸಿಗೆಯಲ್ಲಿ ಬರಿಯ ಲೋಹದ ಶೀಟಿನಡಿ ಮಕ್ಕಳು ಕೂರಲಾರರು. ಕೆಳಗೆ ಶಾಖ ತಡೆಯುವ ಪದರ, ಮೇಲೆ ಬಿಳಿ ಬಣ್ಣ, ಗೋಡೆಯ ಮೇಲ್ಭಾಗದಲ್ಲಿ ಗಾಳಿಕಿಂಡಿ ಇರಲೇಬೇಕು. ಒಂದು ಅಪಾಯ ತಪ್ಪಿಸಲು ಹೋಗಿ ಬಿಸಿಲಿನ ಬಾಧೆ ತಂದಿಟ್ಟರೆ ಕೆಲಸ ಅರ್ಧವಾದಂತೆ.

ಹೊಣೆ ಯಾರದು?

ಶಾಲಾ ಕೊಠಡಿಯ ಚಾವಣಿ ಶಿಕ್ಷಣ ಇಲಾಖೆಯದು, ಕಟ್ಟಿದ್ದು ಇನ್ನೊಂದು ಇಲಾಖೆ, ಕೆಡವುವುದು ಗುತ್ತಿಗೆದಾರ, ಕಸ ಎತ್ತುವುದು ಪಂಚಾಯಿತಿ. ಹೊಣೆ ನಾಲ್ಕು ಕಡೆ ಹಂಚಿಹೋದರೆ ಯಾರದೂ ಆಗದು. ಜಿಲ್ಲಾ ಪಂಚಾಯಿತಿ ಒಬ್ಬ ಅಧಿಕಾರಿಯನ್ನು ಹೆಸರಿಸಿ, ತಾಲ್ಲೂಕುವಾರು ಪಟ್ಟಿ ತರಿಸಿ, ವರ್ಷಕ್ಕೆ ಇಂತಿಷ್ಟು ಕಟ್ಟಡ ಎಂದು ಗುರಿಯಿಟ್ಟರೆ ಈ ಕೆಲಸ ಕೆಲವೇ ವರ್ಷಗಳಲ್ಲಿ ಹಿಡಿತಕ್ಕೆ ಬರುತ್ತದೆ. ಹೊಸ ಸಾರ್ವಜನಿಕ ಕಟ್ಟಡದ ಅಂದಾಜುಪಟ್ಟಿಯಲ್ಲಿ ಕಲ್ನಾರು ಶೀಟು ಬರೆಯುವುದನ್ನು ಇವತ್ತೇ ನಿಲ್ಲಿಸಬಹುದು. ಅದಕ್ಕೆ ದೆಹಲಿಯ ಆದೇಶ ಕಾಯಬೇಕಿಲ್ಲ.

ಊರಿನವರ ಪಾಲೂ ಇದೆ. ಎಸ್‌ಡಿಎಂಸಿ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿದರೂ ಕೆಲಸ ಶುರುವಾಗುತ್ತದೆ: ನಮ್ಮ ಶಾಲೆಯ ಶೀಟು ಯಾವ ಸ್ಥಿತಿಯಲ್ಲಿದೆ, ಬರೆದಿಟ್ಟಿದ್ದೀರಾ? ಕಲ್ನಾರಿನ ರೋಗ ಬಂದ ಮೇಲೆ ಗುಣಪಡಿಸುವುದು ಬಹಳ ಕಷ್ಟ, ಬಾರದಂತೆ ತಡೆಯುವುದೇ ಸರಿಯಾದ ದಾರಿ. ಈ ಬೇಸಿಗೆಯ ಗಾಳಿ-ಮಳೆಗೆ ಮೊದಲೇ ಆ ಪ್ರಶ್ನೆ ಪ್ರತಿ ಊರಿನಲ್ಲೂ ಕೇಳಿಬರಲಿ.